ಅಂತರ್ಜಾಲದ ಪಹಣಿ: ಹಳೆಯ ಹೆಸರು, ಹೊಸ ಒಡೆಯ

(ನೆಲ್ಸನ್‌ನಲ್ಲಿ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನೆಲ್ಸನ್ ನಗರದ ಈಶಾನ್ಯಕ್ಕೆ, ಕಾರಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದಾದ ಪುಟ್ಟ ಕೊಲ್ಲಿಯೊಂದಿದೆ. ಅದಕ್ಕೆ ಕೇಬಲ್ ಬೇ ಎಂಬ ಹೆಸರು ಸುಮ್ಮನೆ ಬಂದುದಲ್ಲ. ಸಿಡ್ನಿ ಬಳಿಯ ಲಾ ಪೆರೂಸ್‌ನಿಂದ ಟಾಸ್ಮನ್ ಸಮುದ್ರದ ತಳದಲ್ಲಿ ಹಾಸಿಕೊಂಡು ಬಂದ ಟೆಲಿಗ್ರಾಫ್ ತಂತಿ 1876ರ ಫೆಬ್ರವರಿಯಲ್ಲಿ ದಡ ಸೇರಿದ್ದು ಅಲ್ಲಿ. ನ್ಯೂಜಿಲೆಂಡನ್ನು ಹೊರಜಗತ್ತಿಗೆ ಜೋಡಿಸಿದ ಮೊದಲ ತಂತಿ ಅದು. ಅಲ್ಲಿಯವರೆಗೆ ಹೊರಗಿನ ಸುದ್ದಿಯೆಲ್ಲ ಹಡಗಿನಲ್ಲೇ ಬರಬೇಕಿತ್ತು. 1917ರಲ್ಲಿ ಆ ತಂತಿಯ ದಡವನ್ನು ವೆಲಿಂಗ್ಟನ್ ಸಮೀಪದ ಟಿಟಾಹಿ ಬೇಗೆ ಸ್ಥಳಾಂತರಿಸಲಾಯಿತು. ತಂತಿ ಹೋಯಿತು, ಹೆಸರು ಉಳಿಯಿತು.

ಕೊಲ್ಲಿಗೆ ಅಂಟಿಕೊಂಡ ಹಳೆಯ ಹೆಸರಿನಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಇಂದಿನ ಅಂತರ್ಜಾಲದ ದಾಖಲೆಗಳಲ್ಲಿ ಉಳಿದುಬಿಟ್ಟ ಹಳೆಯ ಹೆಸರಿನ ಕಥೆ ಬೇರೆ. ಅದನ್ನು ಯಂತ್ರಗಳು ಪ್ರತಿದಿನ ಓದುತ್ತವೆ, ನಂಬುತ್ತವೆ, ಅದರಂತೆಯೇ ನಡೆಯುತ್ತವೆ. ಈ ಉಪನ್ಯಾಸದ ವಿಷಯ ಅಂಥ ಹೆಸರುಗಳು ಮತ್ತು ಅವನ್ನು ತಿದ್ದುವ ಹೊಣೆ.

ಕರ್ನಾಟಕದ ರೈತ ಕುಟುಂಬಗಳಿಂದ ಬಂದವರಿಗೆ ಪಹಣಿಯನ್ನು ಪರಿಚಯಿಸಬೇಕಾಗಿಲ್ಲ. ಅದರ 9ನೇ ಕಾಲಂನಲ್ಲಿ ಖಾತೆದಾರರ ಹೆಸರಿರುತ್ತದೆ, 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಡಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂ ನ್ಯಾಯಮಂಡಳಿಯ ಮುಂದೆ ನಿಂತಾಗ, ಸಾಗುವಳಿದಾರನೆಂದು ಯಾರ ಹೆಸರು ನಮೂದಾಗಿದೆ ಎಂಬುದು ಬದುಕಿನ ಪ್ರಶ್ನೆಯಾಯಿತು. ಹೆಸರಿದ್ದವನಿಗೆ ದಾಖಲೆಯೇ ಸಾಕ್ಷಿ. ವರ್ಷಗಟ್ಟಲೆ ಉತ್ತೂ ಹೆಸರು ಬರೆಸಿಕೊಳ್ಳಲಾಗದವನು ಮಾತ್ರ ನೆರೆಹೊಲದವರನ್ನು ಕರೆತಂದು ತನ್ನ ಬೆವರನ್ನು ಸಾಬೀತುಪಡಿಸಬೇಕಾಯಿತು.

ಅಂತರ್ಜಾಲಕ್ಕೂ ಇಂಥ ಎರಡು ಕಾಲಂಗಳಿವೆ. ಜಾಲಕ್ಕೆ ಸೇರುವ ಪ್ರತಿ ಯಂತ್ರಕ್ಕೂ ಐಪಿ ವಿಳಾಸ ಬೇಕು. ಆ ವಿಳಾಸಗಳನ್ನು ಗುಂಪುಗುಂಪಾಗಿ ಹಂಚುವ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳು ಜಗತ್ತಿನಲ್ಲಿವೆ. ನ್ಯೂಜಿಲೆಂಡ್ ಮತ್ತು ಭಾರತಗಳೆರಡೂ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್‌ನ ವ್ಯಾಪ್ತಿಗೆ ಬರುತ್ತವೆ. ಯಾವ ಗುಂಪು ಯಾರ ಹೆಸರಿನಲ್ಲಿದೆ ಎಂಬ ಅದರ ದಾಖಲೆ ಪಹಣಿಯ 9ನೇ ಕಾಲಂ ಇದ್ದಂತೆ. ಆ ಗುಂಪಿಗೆ ತಾನೇ ದಾರಿ ಎಂದು ಜಗತ್ತಿಗೆ ಸಾರುವ ಅಧಿಕಾರ ಯಾವ ಜಾಲಕ್ಕಿದೆ ಎಂಬುದನ್ನು ಬರೆದಿಡುವುದು ರೂಟಿಂಗ್ ನೋಂದಣಿ. ಅದು 12ನೇ ಕಾಲಂ. ಇಂಥ ನೋಂದಣಿಗಳು ಒಂದಲ್ಲ, ಹಲವು. ಎಪಿನಿಕ್ ತನ್ನದೊಂದನ್ನು ನಡೆಸುತ್ತದೆ. ಅಮೆರಿಕದ ಮಿಶಿಗನ್‌ನ ಮೆರಿಟ್ ನೆಟ್‌ವರ್ಕ್ 1990ರ ದಶಕದಿಂದ ನಡೆಸುತ್ತಿರುವ ಆರ್‌ಎಡಿಬಿ ಎಂಬುದು ಎಲ್ಲಕ್ಕಿಂತ ಪ್ರಸಿದ್ಧ. ಇವುಗಳಲ್ಲದೆ ಖಾಸಗಿ ನೋಂದಣಿಗಳೂ ಇವೆ.

9ನೇ ಕಾಲಂನ ಹೆಸರು ಬದಲಾದಾಗ 12ನೆಯದು ತಾನಾಗಿ ಬದಲಾಗುವುದಿಲ್ಲ. ಸಮಸ್ಯೆಯ ಬೇರು ಇಲ್ಲಿದೆ.

203.0.113.0ರಿಂದ 203.0.113.255ರವರೆಗಿನ 256 ವಿಳಾಸಗಳನ್ನು ಉದಾಹರಣೆಗಳಿಗೆಂದೇ ಮೀಸಲಿಡಲಾಗಿದೆ. ನೆಲ್ಸನ್‌ನಂಥ ಊರಿನ ಸಣ್ಣ ಇಂಟರ್ನೆಟ್ ಸಂಸ್ಥೆಯೊಂದು ಇಂಥದೇ ಒಂದು ಗುಂಪನ್ನು ಕೊಂಡುಕೊಂಡಿದೆ ಎಂದು ಭಾವಿಸಬಹುದು. ಹಣ ಸಂದಾಯವಾಗಿದೆ, ಎಪಿನಿಕ್‌ನಲ್ಲಿ ಹೆಸರು ವರ್ಗವಾಗಿದೆ. ಆದರೆ ಹಿಂದಿನ ಒಡೆಯರು ಹತ್ತು ವರ್ಷಗಳ ಹಿಂದೆ ಆರ್‌ಎಡಿಬಿಯಲ್ಲಿ ಬರೆಸಿದ್ದ ದಾಖಲೆ ಹಾಗೆಯೇ ಇದೆ. ದೊಡ್ಡ ಜಾಲಗಳು ಈ ನೋಂದಣಿಗಳನ್ನು ಓದಿ, ಯಾರಿಂದ ಯಾವ ವಿಳಾಸಗಳ ಸಾರಿಕೆಯನ್ನು ಒಪ್ಪಬೇಕೆಂಬ ಪಟ್ಟಿಯನ್ನು ಸ್ವಯಂಚಾಲಿತವಾಗಿ ತಯಾರಿಸುತ್ತವೆ. ಹೊಸ ಒಡೆಯನ ಹೆಸರು ಅಲ್ಲಿಲ್ಲದಿದ್ದರೆ ಅವನ ಸಾರಿಕೆಯನ್ನು ಕೆಲವು ಜಾಲಗಳು ಒಪ್ಪುವುದಿಲ್ಲ. ಗ್ರಾಹಕರಿಗೆ ಕೆಲವು ತಾಣಗಳು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ. ಹೊಸ ದಾಖಲೆ ಬರೆಸಿದರೆ ಈ ತೊಂದರೆ ನೀಗಬಹುದು, ಆದರೆ ಹಳೆಯದು ಅಳಿಯುವುದಿಲ್ಲ. ಹಳೆಯ ಒಡೆಯನ ಜಾಲ ಅದೇ ವಿಳಾಸಗಳನ್ನು ಮತ್ತೆ ಸಾರಿದರೂ ಪಟ್ಟಿ ಅದನ್ನು ಬರಮಾಡಿಕೊಳ್ಳುತ್ತದೆ. ಆ ಹಳೆಯ ಸಂಸ್ಥೆಯೇ ಮುಚ್ಚಿಹೋಗಿ, ಅದರ ಇಮೇಲ್ ಡೊಮೇನ್‌ನ ಅವಧಿ ಮುಗಿದಿದ್ದರೆ ಅಪಾಯ ಇನ್ನೂ ಹೆಚ್ಚು. ಆ ಡೊಮೇನನ್ನು ಕೊಂಡವನು ಸತ್ತವರ ಹೆಸರಿನಲ್ಲಿ ಸಹಿ ಹಾಕಬಲ್ಲ.

ಇದು ಕೇವಲ ಊಹೆಯ ಭಯವಲ್ಲ. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು ಹೊರಟು, ಯೂಟ್ಯೂಬ್‌ಗೆ ಸೇರಿದ 256 ವಿಳಾಸಗಳಿಗೆ ತಾನೇ ದಾರಿ ಎಂದು ಸಾರಿತು. ಮೇಲಿನ ಜಾಲ ಅದನ್ನು ಪರಿಶೀಲಿಸದೆ ಜಗತ್ತಿಗೆ ದಾಟಿಸಿತು. ಸುಮಾರು ಎರಡು ಗಂಟೆ ಕಾಲ ಬಹುಪಾಲು ಜಗತ್ತಿಗೆ ಯೂಟ್ಯೂಬ್ ಸಿಗಲಿಲ್ಲ. ಪರಿಶೀಲನೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದು ಪಾಠ. ಪರಿಶೀಲನೆಗೆ ಆಧಾರವಾದ ದಾಖಲೆಯೇ ಸುಳ್ಳಾದರೆ ಏನಾಗುತ್ತದೆ ಎಂಬುದು 2022ರ ಆಗಸ್ಟ್ 17ರಂದು ಕಾಣಿಸಿತು. ಸೆಲರ್ ಬ್ರಿಡ್ಜ್ ಎಂಬ ಕ್ರಿಪ್ಟೋ ಸೇವೆಯ ಮೇಲೆ ದಾಳಿ ಮಾಡಿದವರು, ಅದಕ್ಕೂ ಮುನ್ನ ಆಲ್ಟ್‌ಡಿಬಿ ಎಂಬ ಉಚಿತ ನೋಂದಣಿಯಲ್ಲಿ ಸುಳ್ಳು ನಮೂದುಗಳನ್ನು ಸೇರಿಸಿದ್ದರು. ಆ ನಮೂದುಗಳ ಬಲದಿಂದ ಅಮೆಜಾನ್‌ಗೆ ಸೇರಿದ ವಿಳಾಸಗಳ ಸಂಚಾರವನ್ನು ತಮ್ಮತ್ತ ತಿರುಗಿಸಿಕೊಂಡು ಬಳಕೆದಾರರ ಹಣ ದೋಚಿದರು.

ಇಷ್ಟೆಲ್ಲ ಗೊತ್ತಿದ್ದೂ ಹಳೆಯ ದಾಖಲೆಗಳು ಏಕೆ ಉಳಿಯುತ್ತವೆ? ಪೌತಿ ಖಾತೆ ಮಾಡಿಸದೆ ಅಜ್ಜನ ಹೆಸರಿನಲ್ಲೇ ಬಿಟ್ಟ ಜಮೀನು ಏಕೆ ಉಳಿಯುತ್ತದೆಯೋ ಅದೇ ಕಾರಣಕ್ಕೆ. ಬರೆಸುವಾಗ ಇದ್ದ ಅವಸರ ಅಳಿಸುವಾಗ ಇರುವುದಿಲ್ಲ. ಬಿಟ್ಟುಹೋದವನಿಗೆ ನಷ್ಟವಿಲ್ಲ, ಬಂದವನಿಗೆ ಅಧಿಕಾರವಿಲ್ಲ. 2022ರ ಜುಲೈ 1ರಂದು ನ್ಯೂಜಿಲೆಂಡಿನ 20 ಜಿಲ್ಲಾ ಆರೋಗ್ಯ ಮಂಡಳಿಗಳು ರದ್ದಾಗಿ ಒಂದು ರಾಷ್ಟ್ರೀಯ ಸಂಸ್ಥೆಯಲ್ಲಿ ಸೇರಿಹೋದವು. ನೆಲ್ಸನ್ ಮಾರ್ಲ್‌ಬರೋ ಮಂಡಳಿಯೂ ಅವುಗಳಲ್ಲಿ ಒಂದು. ಎಲ್ಲಿಯೇ ಆಗಲಿ, ಇಂಥ ವಿಲೀನ ನಡೆದಾಗ ಕಟ್ಟಡ, ವಾಹನ, ನೌಕರರ ಪಟ್ಟಿ ಮಾಡುವವರು ಇರುತ್ತಾರೆ. ರೂಟಿಂಗ್ ದಾಖಲೆಗಳ ಪಟ್ಟಿ ಮಾಡುವವರೂ ಇರಬೇಕು.

ತಿದ್ದುವ ಕ್ರಮ ಕಠಿಣವಲ್ಲ, ತಾಳ್ಮೆ ಬೇಡುತ್ತದೆ. ಮೊದಲು, ಕೈಗೆ ಬಂದ ಗುಂಪಿನ ಬಗ್ಗೆ ಯಾವ ಯಾವ ನೋಂದಣಿಯಲ್ಲಿ ಏನೇನು ಬರೆದಿದೆ ಎಂದು ಹುಡುಕಬೇಕು. ಇಡೀ ಗುಂಪಿನ ದಾಖಲೆಯಷ್ಟೇ ಸಾಲದು, ಅದರ ತುಂಡುಗಳ ಮೇಲಿನ ದಾಖಲೆಗಳನ್ನೂ ನೋಡಬೇಕು. ರೂಟಿಂಗ್‌ನಲ್ಲಿ ಚಿಕ್ಕ ತುಂಡಿನ ಸಾರಿಕೆಯೇ ಗೆಲ್ಲುತ್ತದೆ. ಎರಡನೆಯದಾಗಿ, ಹಳೆಯದನ್ನು ಅಳಿಸುವ ಮುನ್ನ ಹೊಸ ದಾಖಲೆಯನ್ನು ಬರೆಸಿ, ಜಾಲಗಳ ಪಟ್ಟಿಗಳು ನವೀಕರಣವಾಗುವವರೆಗೆ ಕಾಯಬೇಕು. ಮೂರನೆಯದಾಗಿ, ಹಳೆಯ ದಾಖಲೆಯ ಉಸ್ತುವಾರಿ ಹೊತ್ತವರಿಗೆ ಬರೆಯಬೇಕು. ಅವರಿಂದ ಉತ್ತರ ಬಾರದಿದ್ದರೆ ಎಪಿನಿಕ್‌ನ ದಾಖಲೆಯನ್ನು ಪುರಾವೆಯಾಗಿಟ್ಟು ನೋಂದಣಿ ನಡೆಸುವವರನ್ನೇ ಕೇಳಬೇಕು. ಕೊನೆಯದಾಗಿ, ಆರ್‌ಪಿಕೆಐ ವ್ಯವಸ್ಥೆಯಲ್ಲಿ ರೋವಾ ಎಂಬ ಪ್ರಮಾಣಪತ್ರ ಮಾಡಿಕೊಳ್ಳಬೇಕು. ಗೂಢಲಿಪಿಯ ಸಹಿಯಿರುವ ಈ ಪತ್ರವನ್ನು 9ನೇ ಕಾಲಂನಲ್ಲಿ ಹೆಸರಿರುವವರು ಮಾತ್ರ ಬರೆಯಬಲ್ಲರು. ಇಂದಿನ ನೋಂದಣಿ ತಂತ್ರಾಂಶಗಳಲ್ಲಿ ಕೆಲವು, ರೋವಾಗೆ ವಿರುದ್ಧವಾದ ಹಳೆಯ ನಮೂದುಗಳನ್ನು ತಾವಾಗಿಯೇ ಬದಿಗಿಡುತ್ತವೆ. ಯುರೋಪಿನ ನೋಂದಣಿ ಸಂಸ್ಥೆ 2018ರಲ್ಲಿ ತನ್ನ ಪ್ರದೇಶಕ್ಕೆ ಸೇರದ ವಿಳಾಸಗಳಿಗೆ ಹೊಸ ನಮೂದು ಬರೆಸುವುದನ್ನು ನಿಲ್ಲಿಸಿತು. ಒಡೆತನ ಪರಿಶೀಲಿಸದೆ ಬರೆದಿಟ್ಟಿದ್ದ ತನ್ನ ಹಳೆಯ ನೋಂದಣಿಯನ್ನು ಉತ್ತರ ಅಮೆರಿಕದ ಸಂಸ್ಥೆ 2022ರಲ್ಲಿ ಮುಚ್ಚಿತು.

ಇದರ ರಾಜಕೀಯವನ್ನೂ ಗಮನಿಸಬೇಕು. ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಜಾಗತಿಕ ದಾಸ್ತಾನಿನ ಕೊನೆಯ ಭಾಗಗಳು 2011ರ ಫೆಬ್ರವರಿ 3ರಂದು ಹಂಚಿಹೋದವು. ಅಂದಿನಿಂದ ವಿಳಾಸವೆಂಬುದು ನಗರದಂಚಿನ ನಿವೇಶನದಂತೆ ಬೆಲೆಯೇರಿದ ಸರಕು. ಮೊದಲೇ ಬಂದ ಶ್ರೀಮಂತ ದೇಶಗಳ ಸಂಸ್ಥೆಗಳ ಬಳಿ ಧಾರಾಳವಾಗಿ ಉಳಿದಿದೆ, ತಡವಾಗಿ ಬಂದವರು ಕೊಳ್ಳಬೇಕು ಇಲ್ಲವೇ ಬಾಡಿಗೆಗೆ ಪಡೆಯಬೇಕು. ಆಫ್ರಿಕಾದ ನೋಂದಣಿ ಸಂಸ್ಥೆ ಆಫ್ರಿನಿಕ್, ಸುಮಾರು 40 ಲಕ್ಷ ವಿಳಾಸಗಳು ಅಕ್ರಮವಾಗಿ ಕೈಬದಲಾಗಿದ್ದವೆಂದು 2021ರಲ್ಲಿ ತನ್ನದೇ ವರದಿಯಲ್ಲಿ ಹೇಳಿತು. ಅವುಗಳಲ್ಲಿ ಒಂದು ಪಾಲು ಹಳೆಯ ಸಂಸ್ಥೆಗಳ ಹೆಸರಿನಲ್ಲಿದ್ದವು. ಯಾರೂ ನೋಡದ ದಾಖಲೆ ಬಲ್ಲವರ ಪಾಲಾಗುತ್ತದೆ. ಬಗರ್‌ಹುಕುಂ ಅರ್ಜಿ ಹಿಡಿದು ಬಡವ ಕಚೇರಿ ಅಲೆಯುವಾಗ ಗೋಮಾಳ ಯಾರ ಪಾಲಾಗುತ್ತದೆಂಬುದನ್ನು ಕಂಡವರಿಗೆ ಇದು ಹೊಸತಲ್ಲ.

ನೆಲ್ಸನ್‌ನ ನೆಲವೂ ಇದನ್ನೇ ಹೇಳುತ್ತದೆ. 1840ರ ದಶಕದಲ್ಲಿ ವಲಸೆಗಾರರಿಗಾಗಿ ಈ ಪ್ರದೇಶದ 1,51,000 ಎಕರೆ ಗುರುತಿಸಿದಾಗ, ಅದರ ಹತ್ತನೇ ಒಂದು ಭಾಗ, ಅಂದರೆ 15,100 ಎಕರೆ, ಮಾವೊರಿ ಮೂಲ ಒಡೆಯರಿಗೆ ಮೀಸಲೆಂದು ಮಾತು ಕೊಡಲಾಗಿತ್ತು. ವಾಸ್ತವದಲ್ಲಿ ಮೀಸಲಾದದ್ದು ಸುಮಾರು 5,100 ಎಕರೆ. ಆ ಮಾತನ್ನು ಪಾಲಿಸುವ ನ್ಯಾಸಬದ್ಧ ಹೊಣೆ ಸರ್ಕಾರಕ್ಕಿತ್ತು ಎಂದು ನ್ಯೂಜಿಲೆಂಡಿನ ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿತು. ಅಲ್ಲಿಗೆ 170ಕ್ಕೂ ಹೆಚ್ಚು ವರ್ಷಗಳು ಉರುಳಿದ್ದವು. ಕಸಿದುಕೊಂಡ ನೆಲದ ನೋವನ್ನು 256 ವಿಳಾಸಗಳ ತೊಡಕಿನ ಪಕ್ಕದಲ್ಲಿಟ್ಟು ತೂಗುವುದು ಅನ್ಯಾಯ. ಆದರೂ ಎರಡರಲ್ಲೂ ಕಾಣುವ ನಿಯಮ ಒಂದೇ. ಲೇಖನಿ ಯಾರ ಕೈಯಲ್ಲಿದೆಯೋ ತಿದ್ದುವ ಹೊಣೆಯೂ ಅವರದು. ಅವರು ಸುಮ್ಮನಿದ್ದರೆ, ಸಾಬೀತುಪಡಿಸುವ ಭಾರ ಬಲವಿಲ್ಲದವರ ಹೆಗಲಿಗೆ ಬೀಳುತ್ತದೆ.

ಆ ಲೇಖನಿ ಇಂದು ಅನೇಕ ಕನ್ನಡಿಗರ ಕೈಯಲ್ಲೂ ಇದೆ. ಆಕ್ಲೆಂಡ್, ಸಿಡ್ನಿ, ಲಂಡನ್, ಬೆಂಗಳೂರುಗಳಲ್ಲಿ ಜಾಲಗಳನ್ನು ನಡೆಸುವವರಲ್ಲಿ ಅವರಿದ್ದಾರೆ. ವಿಳಾಸಗಳನ್ನು ಮಾರಿ ಹೊರಡುವ ಸಂಸ್ಥೆಯಲ್ಲಿ ಅವರಿದ್ದರೆ ಹೊರಡುವ ಮುನ್ನ ತಮ್ಮ ಹೆಸರನ್ನು ಅಳಿಸಿ ಹೋಗಬೇಕು. ಅದಕ್ಕೆ ತಗಲುವುದು ಒಂದು ಮಧ್ಯಾಹ್ನ. ಅದನ್ನು ಉಳಿಸಿಕೊಂಡರೆ, ಕಾಣದ ಊರಿನ ಯಾರೋ ಒಬ್ಬರು ತಮ್ಮದೇ ವಿಳಾಸ ತಮ್ಮದೆಂದು ರುಜುವಾತುಪಡಿಸಲು ತಿಂಗಳುಗಟ್ಟಲೆ ಪತ್ರ ಬರೆಯುತ್ತ ಕೂರಬೇಕಾಗುತ್ತದೆ.