ಸಣ್ಣ ಫಲಕ್ಕೂ ಒಂದು ನಮಸ್ಕಾರ

(ವಾರ್ಷಿಕ ಉತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಉತ್ಸವದ ದಿನಗಳಲ್ಲಿ ದೇವರ ಸನ್ನಿಧಿಗೆ ಬರುವವರಲ್ಲಿ ಎರಡು ತರದವರಿದ್ದಾರೆ. ಎಣಿಸಿದ ಕೆಲಸ ಕೈಗೂಡಿತೆಂದು ಹರಕೆ ಸಲ್ಲಿಸಲು ಬರುವವರು ಒಂದು ತರ. ಅವರು ಹೂವಿನ ಪೂಜೆ, ರಂಗಪೂಜೆ, ತುಲಾಭಾರ ಎಂದು ರಶೀದಿ ಮಾಡಿಸಿ ಸಂತೋಷದಿಂದ ಪ್ರಸಾದ ಸ್ವೀಕರಿಸುತ್ತಾರೆ. ಎಣಿಸಿದ್ದು ಕೈಗೂಡದೆ ಬರುವವರು ಇನ್ನೊಂದು ತರ. ಅವರು ಯಾರೊಡನೆಯೂ ಹೆಚ್ಚು ಮಾತನಾಡುವುದಿಲ್ಲ. ಗೋಪುರದ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಕುಳಿತು, ತೀರ್ಥ ತೆಗೆದುಕೊಂಡು ಹೋಗುತ್ತಾರೆ. ತೋಟಕ್ಕೆ ಹಳದಿ ರೋಗ ತಗಲಿದವರು, ಮಹಾಳಿಯಿಂದ ಎಳೆಯಡಿಕೆ ಎಲ್ಲ ಉದುರಿ ಹೋದವರು, ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವರು, ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಮಕ್ಕಳ ತಂದೆ ತಾಯಂದಿರು ಇವರಲ್ಲಿದ್ದಾರೆ. ಇಂದಿನ ನಾಲ್ಕು ಮಾತುಗಳು ಮುಖ್ಯವಾಗಿ ಈ ಎರಡನೆಯ ತರದವರಿಗಾಗಿ.

ಸೋತ ಮನುಷ್ಯನಿಗೆ ಧೈರ್ಯ ಎಲ್ಲಿಂದ ಬರಬೇಕು? ಮತ್ತೊಂದು ದೊಡ್ಡ ಜಯ ಸಿಕ್ಕಿದರೆ ತಾನೇ ಬರುತ್ತದೆ ಎಂಬುದು ಸಾಮಾನ್ಯ ತಿಳುವಳಿಕೆ. ಆದರೆ ದೊಡ್ಡ ಜಯ ಸಿಗಬೇಕಾದರೆ ಮೊದಲು ಧೈರ್ಯ ಬೇಕು. ಹಾಗಾದರೆ ಇದು ಮುಗಿಯದ ಸುತ್ತಾಯಿತು. ಇದರಿಂದ ಹೊರಬರುವ ದಾರಿಯನ್ನು ನಮ್ಮ ಹಿರಿಯರು ಆಚರಣೆಯಲ್ಲಿಯೇ ಇಟ್ಟುಕೊಟ್ಟಿದ್ದಾರೆ. ಸಣ್ಣ ಫಲವನ್ನು ಗುರುತಿಸಿ, ಆ ಹೊತ್ತಿಗೇ ಕೈಮುಗಿದು, ಆ ಬಲದಿಂದ ಮುಂದಿನ ಹೆಜ್ಜೆ ಇಡುವುದೇ ಆ ದಾರಿ.

ತೆನೆ ಕಟ್ಟುವ ಕ್ರಮವನ್ನು ಎಲ್ಲರೂ ಬಲ್ಲರು. ಗದ್ದೆಯಲ್ಲಿ ಪೈರು ಇನ್ನೂ ಪೂರ್ತಿ ಹಣ್ಣಾಗಿರುವುದಿಲ್ಲ. ಕೊಯ್ಲು ಆಗಿರುವುದಿಲ್ಲ, ಕಣಜ ತುಂಬಿರುವುದಿಲ್ಲ. ಅಷ್ಟರಲ್ಲೇ ಒಂದು ಹಿಡಿ ತೆನೆಯನ್ನು ದೇವರ ಮುಂದಿಟ್ಟು ಪೂಜಿಸಿ ಭಕ್ತರಿಗೆ ಹಂಚುತ್ತಾರೆ. ಮನೆಗೆ ತಂದ ತೆನೆಯನ್ನು ಮಾವು, ಹಲಸು ಮುಂತಾದ ಎಲೆಗಳೊಡನೆ ಕಂಬಕ್ಕೆ, ಅಕ್ಕಿಮುಡಿಗೆ, ನೇಗಿಲಿಗೆ ಕಟ್ಟುತ್ತಾರೆ. ಆ ಬಳಿಕ ಹೊಸ ಅಕ್ಕಿಯ ಊಟ. ಮುಂದೆ ಮಳೆ ಬಂದು ಪೈರು ಮಲಗಲೂಬಹುದು. ಹಿರಿಯರಿಗೆ ಇದು ತಿಳಿಯದ್ದಲ್ಲ. ಆದರೂ ಪೂರ್ಣ ಫಸಲು ಮನೆಗೆ ಬರಲಿ, ಆಮೇಲೆ ನೋಡೋಣ ಎಂದು ಅವರು ಕಾಯಲಿಲ್ಲ. ಕೈಗೆ ಬಂದ ಒಂದು ಹಿಡಿಗೆ ಮೊದಲು ವಂದಿಸಿ, ಮತ್ತೆ ಕತ್ತಿ ಹಿಡಿದು ಗದ್ದೆಗಿಳಿದರು.

ಈ ಮಾತಿಗೆ ನಮ್ಮ ಗಡಿಯ ಪಕ್ಕದಲ್ಲೇ ಒಂದು ಉದಾಹರಣೆಯಿದೆ. ಪೆರ್ಲದಿಂದ ಗಡಿ ದಾಟಿದರೆ ಸಿಗುವ ಅಡ್ಯನಡ್ಕದ ಬಳಿ, ಬಂಟ್ವಾಳ ತಾಲೂಕಿನ ಕೇಪು ಗ್ರಾಮದಲ್ಲಿ, ಅಮೈ ಮಹಾಲಿಂಗ ನಾಯ್ಕರ ತೋಟವಿದೆ. ಮಹಾಲಿಂಗ ನಾಯ್ಕರು ಶಾಲೆಯ ಮುಖ ಕಂಡವರಲ್ಲ. ಬೇರೆಯವರ ತೋಟಗಳಲ್ಲಿ ಅಡಿಕೆ, ತೆಂಗಿನ ಮರ ಹತ್ತಿ ಕೂಲಿ ಮಾಡಿ ಬದುಕಿದವರು. 1978ರಲ್ಲಿ ಊರಿನ ಜಮೀನುದಾರರೊಬ್ಬರು ಅವರಿಗೆ ಎರಡು ಎಕ್ರೆ ಗುಡ್ಡವನ್ನು ಕೊಟ್ಟರು. ಜಾಗವೇನೋ ಸಿಕ್ಕಿತು, ಆದರೆ ಅಲ್ಲಿ ನೀರಿರಲಿಲ್ಲ. ಬಾವಿ ತೋಡಿಸಲು ಹಣವಿರಲಿಲ್ಲ. ತೋಡಿಸಿದರೂ ನೀರೆತ್ತಲು ಕರೆಂಟು ಇರಲಿಲ್ಲ.

ಕಾಸರಗೋಡಿನ ಗುಡ್ಡಗಳಲ್ಲಿ ವಾಸಿಸುವವರಿಗೆ ಸುರಂಗವೆಂದರೆ ಏನೆಂದು ಹೇಳಬೇಕಾದ್ದಿಲ್ಲ. ಹೊಸ ತಲೆಮಾರಿನ ಮಕ್ಕಳಿಗಾಗಿ ಎರಡು ಮಾತು. ಮುರಕಲ್ಲಿನ ಗುಡ್ಡದ ಬದಿಯಿಂದ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದುಕೊಂಡು ಹೋಗುವುದೇ ಸುರಂಗ. ಒಳಗಿನ ಒಸರು ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ, ಪಂಪು ಬೇಕಿಲ್ಲ. ಸಾಮಾನ್ಯವಾಗಿ ಒಬ್ಬ ಅಗೆದರೆ ಇನ್ನೊಬ್ಬ ಮಣ್ಣು ಹೊರುತ್ತಾನೆ. ಮಹಾಲಿಂಗ ನಾಯ್ಕರು ಎರಡೂ ಕೆಲಸವನ್ನು ಒಬ್ಬರೇ ಮಾಡಿದರು. ಹಗಲು ಕೂಲಿ ಮುಗಿಸಿ ಬಂದು, ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ ರಾತ್ರಿಯವರೆಗೆ ಅಗೆದರು.

ಮೊದಲನೆಯ ಸುರಂಗದಲ್ಲಿ ನೀರು ಬರಲಿಲ್ಲ. ಎರಡನೆಯದರಲ್ಲಿಯೂ ಬರಲಿಲ್ಲ. ಹೀಗೆ ಒಂದಾದ ಮೇಲೊಂದು ಐದು ಸುರಂಗಗಳು ವ್ಯರ್ಥವಾದುವು. ಅದರಲ್ಲಿ ವರ್ಷಗಳೇ ಕಳೆದುವು. ನೋಡಿದವರು ನಗೆಯಾಡಿದರು. ಅವರು ಜಾಗ ಬದಲಿಸಿ ಆರನೆಯದನ್ನು ತೊಡಗಿದರು. ಅಲ್ಲಿ ಮಣ್ಣು ಒದ್ದೆಯಾಗಿ ಸಿಕ್ಕಿತು. ಒದ್ದೆ ಮಣ್ಣೆಂದರೆ ನೀರಲ್ಲ, ಅದರಿಂದ ಒಂದು ಗಿಡವನ್ನೂ ಬದುಕಿಸಲಾಗದು. ಆದರೆ ಅಗೆಯುವವನಿಗೆ ಅದರ ಬೆಲೆ ಗೊತ್ತು. ಮುಂದೆ ಹೋದಂತೆ ಒಸರು ಸಿಕ್ಕಿತು. ಆ ನೀರಿನಿಂದ, ಕಲ್ಲು ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಸಮ ಮಾಡಿದ ಗುಡ್ಡದಲ್ಲಿ ಸುಮಾರು ಮುನ್ನೂರು ಅಡಿಕೆ ಮರಗಳು, ಜೊತೆಗೆ ತೆಂಗು, ಬಾಳೆ, ಕರಿಮೆಣಸು ಎದ್ದು ನಿಂತುವು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. ಪ್ರಶಸ್ತಿಯ ಸುದ್ದಿ ಊರಿಗೆಲ್ಲ ತಿಳಿಯಿತು. ಆ ಮೊದಲ ಹಿಡಿ ಒದ್ದೆ ಮಣ್ಣನ್ನು ಕಂಡವರು ಮಾತ್ರ ಅವರೊಬ್ಬರೇ. ಆ ದಿನ ಅದನ್ನು ಅಲಕ್ಷ್ಯ ಮಾಡಿದ್ದರೆ ಆರನೆಯ ಸುರಂಗವೂ ಅರ್ಧದಲ್ಲಿ ನಿಲ್ಲುತ್ತಿತ್ತು.

ವ್ಯಾಪಾರ ಮಾಡುವವರ ಲೆಕ್ಕದ ಪುಸ್ತಕಕ್ಕೆ ಎರಡು ಬದಿಗಳಿವೆ, ಒಂದು ಜಮಾ, ಇನ್ನೊಂದು ಖರ್ಚು. ಎಷ್ಟೇ ನಷ್ಟವಾದ ವರ್ಷವಾದರೂ ಜಮಾ ಬದಿ ಪೂರ್ತಿ ಖಾಲಿ ಇರುವುದಿಲ್ಲ. ಒಂದು ಕಟ್ಟು ಬೆಂಕಿಪೆಟ್ಟಿಗೆ ಮಾರಿದ ಲಾಭವನ್ನೂ ಅಲ್ಲಿ ಬರೆಯಬೇಕು, ಬರೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಆದರೆ ಮನಸ್ಸು ಕುಗ್ಗಿದಾಗ ಮನುಷ್ಯ ಖರ್ಚಿನ ಬದಿಯನ್ನು ಮಾತ್ರ ಬರೆಯುತ್ತಾನೆ. ಹೋದ ಫಸಲು, ಹೋದ ಹಣ, ಆಡಿಕೊಂಡವರ ಮಾತು, ಇವೆಲ್ಲ ಒಂದೂ ಬಿಡದೆ ದಾಖಲಾಗುತ್ತವೆ. ಆ ದಿನ ಹಟ್ಟಿಯಲ್ಲಿ ದನ ಕರು ಹಾಕಿದ್ದು, ಹಳೆಯ ಬಾಕಿಯವನು ಐವತ್ತು ರೂಪಾಯಿ ತಂದುಕೊಟ್ಟದ್ದು, ಕಾಯಿಲೆಯ ತಾಯಿ ಒಂದು ಲೋಟ ಗಂಜಿ ಕುಡಿದದ್ದು ಯಾವುದೂ ಬರೆಯಲ್ಪಡುವುದಿಲ್ಲ. ಕೃತಜ್ಞತೆ ಎಂದರೆ ಕಷ್ಟವನ್ನು ಇಲ್ಲವೆನ್ನುವುದಲ್ಲ. ಜಮಾ ಬದಿಯನ್ನೂ ಸರಿಯಾಗಿ ಬರೆಯುವುದು, ಅಷ್ಟೆ.

ಒಬ್ಬ ಮನುಷ್ಯನಿಗೆ ಅನ್ವಯಿಸುವುದು ಒಂದು ಸೀಮೆಗೂ ಅನ್ವಯಿಸುತ್ತದೆ. 1970ರ ನಂತರದ ವರ್ಷಗಳಲ್ಲಿ ಅಡಿಕೆಯ ಧಾರಣೆ ಕುಸಿದು, ಒಣಗಿಸಿಟ್ಟ ಚಾಲಿಯನ್ನು ಕೇಳುವವರಿಲ್ಲದ ಸ್ಥಿತಿ ಬಂದುದನ್ನು ಇಂದಿನ ಹಿರಿಯರು ಮರೆತಿಲ್ಲ. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಒಂದಾಗಿ 1973ರ ಜುಲೈ 11ರಂದು ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದರು. ಬೆಳೆಗಾರ ತಂದ ಅಡಿಕೆ ತಕ್ಕಡಿಗೆ ಏರಿತು, ಹಣ ಅವನ ಕೈ ಸೇರಿತು. ಒಂದು ಚೀಲ ಅಡಿಕೆ ನ್ಯಾಯವಾಗಿ ಮಾರಾಟವಾದುದು ದೊಡ್ಡ ಸಂಗತಿಯಾಗಿ ಯಾರಿಗೂ ಕಾಣದಿರಬಹುದು. ಆದರೆ ಆ ಚೀಲದ ಯಜಮಾನನಿಗೆ ಮುಂದಿನ ವರ್ಷ ಮರಕ್ಕೆ ಮದ್ದು ಬಿಡುವ ಮನಸ್ಸು ಬಂದುದು ಅದರಿಂದಲೇ.

ಮತ್ತೆಯೂ ಪೆಟ್ಟು ಬಿತ್ತು. ಅಡಿಕೆ ತೋಟದ ನಡುವೆ ಆಸೆಯಿಂದ ನೆಟ್ಟ ಕೋಕೋ ಗಿಡಗಳ ಫಸಲನ್ನು 1980ರ ಹೊತ್ತಿಗೆ ಕೊಳ್ಳುವವರಿಲ್ಲದಾಗಿ, ಗಿಡ ಕಡಿದವರೂ ಇದ್ದರು. ಆಗಲೂ ಅದೇ ಸಂಸ್ಥೆ ಕೋಕೋ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯೇ ಎದ್ದಿತು. ಮೊದಲ ಚೀಲವನ್ನು ತೂಗಿದ್ದರಿಂದ ಕಾರ್ಖಾನೆಯವರೆಗೆ ಹದಿಮೂರು ವರ್ಷಗಳ ದಾರಿ. ಒಂದೇ ನೆಗೆತಕ್ಕೆ ಯಾರೂ ಅಲ್ಲಿಗೆ ಮುಟ್ಟಿದ್ದಲ್ಲ.

ಪುರಾಣದಲ್ಲಿಯೂ ಇದೇ ಪಾಠವಿದೆ. ಸುಂದರಕಾಂಡದಲ್ಲಿ ಆಂಜನೇಯ ಸ್ವಾಮಿ ಸಮುದ್ರ ಲಂಘಿಸಿ ಲಂಕೆಯನ್ನು ಹೊಕ್ಕು ರಾತ್ರಿಯಿಡೀ ಹುಡುಕುತ್ತಾನೆ. ಮಂಡೋದರಿಯನ್ನು ಕಂಡು ಇವಳೇ ಸೀತಾಮಾತೆಯೆಂದು ಒಂದು ಕ್ಷಣ ಹಿಗ್ಗುತ್ತಾನೆ, ಅಲ್ಲವೆಂದು ಮತ್ತೆ ತಿಳಿಯುತ್ತಾನೆ. ಹುಡುಕಿದ ಜಾಗಗಳನ್ನೇ ಮತ್ತೆ ಹುಡುಕಿ ಬೇಸತ್ತು, ಬರಿಗೈಯಲ್ಲಿ ಹಿಂದಿರುಗುವುದಕ್ಕಿಂತ ಪ್ರಾಣ ಬಿಡುವುದೇ ಲೇಸೆಂದೂ ಯೋಚಿಸುತ್ತಾನೆ. ಅಂತಹ ಮಹಾವೀರನಿಗೂ ಎದೆಗುಂದಿತು ಎಂಬುದನ್ನು ಭಕ್ತರು ಗಮನಿಸಬೇಕು. ಆಗ ಅವನ ಕಣ್ಣಿಗೆ ಇನ್ನೂ ನೋಡದೆ ಉಳಿದಿದ್ದ ಅಶೋಕವನ ಬೀಳುತ್ತದೆ. ಹೊಕ್ಕು ನೋಡುವ ಮೊದಲೇ ಅವನು ಶ್ರೀರಾಮನಿಗೆ, ಲಕ್ಷ್ಮಣನಿಗೆ, ಸೀತೆಗೆ, ದೇವತೆಗಳಿಗೆ ನಮಸ್ಕರಿಸುತ್ತಾನೆ. ಆಗ ಸೀತೆ ಸಿಕ್ಕಿರಲಿಲ್ಲ. ಹುಡುಕಲು ಇನ್ನೊಂದು ಜಾಗವಿದೆ ಎಂಬುದು ಮಾತ್ರ ಸಿಕ್ಕಿತ್ತು. ಅಷ್ಟಕ್ಕೇ ಅವನು ಕೈಮುಗಿದ.

ಹಾಗಾದರೆ ಸಣ್ಣ ಫಲ ಸಿಕ್ಕಿದೊಡನೆ ಎಲ್ಲ ಕಷ್ಟವೂ ಪರಿಹಾರವಾಗುವುದೇ? ಹಾಗೆ ಹೇಳುವುದು ಸುಳ್ಳಾದೀತು. ಹಳದಿ ರೋಗಕ್ಕೆ ಪೂರ್ಣ ಮದ್ದು ಇಂದಿಗೂ ದೊರೆತಿಲ್ಲ. ತೋಡಿದ ಸುರಂಗಗಳಲ್ಲೆಲ್ಲ ನೀರು ಬರುವುದಿಲ್ಲ. ಹಳೆಯ ಜಾಗವನ್ನು ಬಿಟ್ಟು ಬೇರೆ ಕಡೆ ಅಗೆಯಬೇಕಾದ ಸಂದರ್ಭವೂ ಇರುತ್ತದೆ, ಮಹಾಲಿಂಗ ನಾಯ್ಕರು ಮಾಡಿದ್ದೂ ಅದನ್ನೇ. ತೋಟ ಕಳಕೊಂಡವನು ನಾಲ್ಕು ದನ ಸಾಕಿ ಡೈರಿಗೆ ಹಾಲು ಕೊಡಲು ಹೊರಟರೆ ಅದು ಸೋಲಲ್ಲ. ಮೊದಲ ದಿನದ ಎರಡು ಲೀಟರ್ ಹಾಲೇ ಅವನಿಗೆ ಒದ್ದೆ ಮಣ್ಣು. ಪರೀಕ್ಷೆಯಲ್ಲಿ ಬಿದ್ದ ಮಗುವಿಗೆ ಪಾಸಾದ ನಾಲ್ಕು ವಿಷಯಗಳನ್ನು ಮೊದಲು ಹೇಳಿ, ಆಮೇಲೆ ಬಿದ್ದ ಎರಡನ್ನು ಹೇಳಿರಿ. ಮಗು ಪುಸ್ತಕ ತೆರೆಯುತ್ತದೆ.

ಇನ್ನೊಂದು ಮಾತು ಸೋಲದವರಿಗೆ. ಕಂಬಕ್ಕೆ ಒರಗಿ ಕುಳಿತವರ ಬಳಿ ಹೋಗಿ ‘ಇದ್ದುದರಲ್ಲಿ ತೃಪ್ತಿ ಪಡಬೇಕು’ ಎಂದು ಉಪದೇಶ ಮಾಡಬೇಡಿರಿ. ಬಾವಿಗೆ ಬಿದ್ದವನಿಗೆ ಹಗ್ಗ ಬೇಕು, ಉಪದೇಶವಲ್ಲ. ಪಕ್ಕದಲ್ಲಿ ಕುಳಿತು ‘ಊಟ ಆಯಿತಾ ಅಣ್ಣಾ?’ ಎಂದು ಕೇಳಿದರೆ ಅದೇ ಅವರಿಗೆ ಆ ದಿನದ ಸಣ್ಣ ಫಲವಾದೀತು. ಸಾಲದ ಕಂತಿಗೆ ಒಂದು ತಿಂಗಳು ಪುರುಸೊತ್ತು ಕೊಡಿರಿ. ಮದ್ದು ಬಿಡುವ ದಿನ ಒಂದಾಳಾಗಿ ಸೇರಿಕೊಳ್ಳಿರಿ. ಬದುಕೇ ಬೇಡವೆಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಮನೆಯವರಿಗೆ ತಿಳಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ದೇವರ ಸೇವೆಯ ರಶೀದಿ ಪುಸ್ತಕದಲ್ಲಿ ಇವಕ್ಕೆ ಹೆಸರಿಲ್ಲದಿದ್ದರೂ ಇವೂ ಸೇವೆಗಳೇ.

ಮನೆ ಮನೆಗಳಲ್ಲಿ ಮುಸ್ಸಂಜೆ ದೀಪ ಹಚ್ಚುವ ಪದ್ಧತಿ ಇನ್ನೂ ಉಳಿದಿದೆ. ದೀಪಕ್ಕೆ ಕೈಮುಗಿಯುವಾಗ ಬೇಡುವುದಕ್ಕೆ ಮೊದಲು ಆ ದಿನ ಸಿಕ್ಕಿದ್ದೊಂದನ್ನು ನೆನೆಯುವ ಅಭ್ಯಾಸವಾಗಲಿ. ಮರುದಿನ ಮಾಡಬೇಕಾದ ಒಂದು ಸಣ್ಣ ಕೆಲಸವನ್ನೂ ಅಲ್ಲೇ ನಿಶ್ಚಯಿಸಿಕೊಳ್ಳಲಿ. ನೆನೆದು ಸುಮ್ಮನಾದರೆ ಅರ್ಧವಾಯಿತು, ಮರುದಿನ ಹಾರೆ ಹಿಡಿದರೆ ಪೂರ್ಣವಾಯಿತು.

ಶ್ರೀ ದೇವರು ಊರ ಪರವೂರ ಸಮಸ್ತ ಭಕ್ತರಿಗೂ ಆಯುರಾರೋಗ್ಯವನ್ನೂ, ಕೈಹಿಡಿದ ಕೆಲಸವನ್ನು ಮುಂದುವರಿಸುವ ಮನೋಬಲವನ್ನೂ ಕರುಣಿಸಲಿ.

ಸರ್ವೇ ಜನಾಃ ಸುಖಿನೋ ಭವಂತು.