ಒಂದು ಬುಟ್ಟಿ, ಹಲವು ನಾಣ್ಯ



1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಿತು. ಅದುವರೆಗೆ ರೂಪಾಯಿಗೆ 16 ಆಣೆ. ಅಂದಿನಿಂದ 100 ನಯಾ ಪೈಸೆ. ಕೆಲವು ವರ್ಷ ಎರಡೂ ಬಗೆಯ ನಾಣ್ಯಗಳು ಒಟ್ಟಿಗೆ ಚಲಾವಣೆಯಲ್ಲಿದ್ದವು. ಒಂದಾಣೆ ಎಂದರೆ ಆರೂಕಾಲು ನಯಾ ಪೈಸೆ. ಕಾಲು ಪೈಸೆಯ ನಾಣ್ಯವಿರಲಿಲ್ಲ. ಆದ್ದರಿಂದ ಪರಿವರ್ತನೆಯ ಕೋಷ್ಟಕದಲ್ಲಿ 1 ಆಣೆಗೆ 6, 3 ಆಣೆಗೆ 19 ನಯಾ ಪೈಸೆ ಎಂದು ನಿಗದಿಯಾಯಿತು. ಒಂದೊಂದಾಣೆಯ ಮೂರು ವಸ್ತುಗಳನ್ನು ಬಿಡಿಯಾಗಿ ಕೊಂಡರೆ 18 ಪೈಸೆ, ಒಟ್ಟಿಗೆ ಕೊಂಡರೆ 19! ದಿನಗೂಲಿಯವರಿಗೆ ಆ ಒಂದು ಪೈಸೆಯೂ ಲೆಕ್ಕಕ್ಕೆ ಬರುತ್ತಿತ್ತು.

ಅದೇ ಪ್ರಶ್ನೆ ಇಂದು ಅಂತರಜಾಲದ ಅಂಗಡಿಯಲ್ಲಿ ಮತ್ತೆ ಎದುರಾಗುತ್ತದೆ. ಭದ್ರಾವತಿಯ ನ್ಯೂ ಟೌನ್‌ನಲ್ಲಿ ಕುಳಿತು ನೀವು ಅಡಿಕೆ ಹಾಳೆಯ ತಟ್ಟೆಗಳನ್ನು ಮಾರುವ ಜಾಲತಾಣವೊಂದನ್ನು ಕಟ್ಟುತ್ತೀರಿ ಎಂದುಕೊಳ್ಳೋಣ. ಅಮೆರಿಕದಲ್ಲಿರುವ ಕನ್ನಡ ಕುಟುಂಬವೊಂದು 100 ತಟ್ಟೆಗಳನ್ನು ಬುಟ್ಟಿಗೆ ಹಾಕುತ್ತದೆ. ತಟ್ಟೆಗೆ 7 ರೂಪಾಯಿ. ಲೆಕ್ಕದ ಅನುಕೂಲಕ್ಕಾಗಿ ಡಾಲರಿಗೆ 80 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ತಟ್ಟೆಗೆ ಎಂಟೂಮುಕ್ಕಾಲು ಸೆಂಟ್; ಗಣಕಯಂತ್ರ ಅದನ್ನು 9 ಎಂದು ತೋರಿಸುತ್ತದೆ. ಹಾಗೆ ನೂರನ್ನು ಕೂಡಿಸಿದರೆ 9 ಡಾಲರ್. ಆದರೆ 700 ರೂಪಾಯಿಯನ್ನು ಒಮ್ಮೆಗೇ ಪರಿವರ್ತಿಸಿದರೆ 8 ಡಾಲರ್ 75 ಸೆಂಟ್. ವ್ಯತ್ಯಾಸ 20 ರೂಪಾಯಿ! ಯಾರೂ ಮೋಸ ಮಾಡಿಲ್ಲ. ಆದರೂ ಕೊಳ್ಳುವವರಿಗೆ ನಷ್ಟವಾಗಿದೆ.

ಆದ್ದರಿಂದ ಮೊದಲ ನಿಯಮ: ಮೂಲ ನಾಣ್ಯದಲ್ಲೇ ಕೂಡಿಸಿ, ಬಳಿಕ ಪರಿವರ್ತಿಸಿ, ಕೊನೆಗೆ ಒಮ್ಮೆ ಮಾತ್ರ ಪೂರ್ಣಾಂಕಕ್ಕೆ ತನ್ನಿ.

ಎರಡನೆಯದು, ಎಲ್ಲ ನಾಣ್ಯಗಳೂ ಒಂದೇ ಅಚ್ಚಿನವಲ್ಲ. ಜಪಾನಿನ ಯೆನ್ ಬೆಲೆಗಳಲ್ಲಿ ಪೈಸೆಯಂಥ ಭಾಗವೇ ಇರುವುದಿಲ್ಲ; ಕುವೈತಿನ ದಿನಾರಿಗೆ 1000 ಫಿಲ್ಸ್. ಎಲ್ಲಕ್ಕೂ ಬಿಂದುವಿನ ನಂತರ ಎರಡೇ ಅಂಕಿ ಇಟ್ಟರೆ ಲೆಕ್ಕ ತಪ್ಪುತ್ತದೆ. ಡಾಲರ್ ಎಂಬ ಹೆಸರೂ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರಗಳಿಗೆ ಸಾಮಾನ್ಯ. ಅದಕ್ಕಾಗಿಯೇ ಯುಎಸ್‌ಡಿ, ಎಸ್‌ಜಿಡಿ, ಐಎನ್‌ಆರ್ ಎಂಬ ಮೂರಕ್ಷರದ ಅಂತರರಾಷ್ಟ್ರೀಯ ಸಂಕೇತಗಳಿವೆ. ನಮ್ಮ ರೂಪಾಯಿಗೆ ತನ್ನದೇ ಚಿಹ್ನೆ ದೊರೆತದ್ದು 2010ರಲ್ಲಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ವಿನಿಮಯ ದರ ದಿನದಿನಕ್ಕೂ ಬದಲಾಗುತ್ತದೆ. ಬ್ಯಾಂಕು ತನ್ನದೇ ದರ ಹಿಡಿಯಬಹುದು, ಮೇಲೆ ಶುಲ್ಕವನ್ನೂ ಹಾಕಬಹುದು. ಹಣ ಕಡಿತವಾಗುವುದು ಯಾವ ನಾಣ್ಯದಲ್ಲಿ ಎಂಬುದನ್ನು ಬುಟ್ಟಿಯಲ್ಲಿ ಎದ್ದು ಕಾಣುವಂತೆ ಬರೆಯಬೇಕು. ಉಳಿದ ನಾಣ್ಯಗಳ ಬೆಲೆಯ ಪಕ್ಕದಲ್ಲಿ 'ಅಂದಾಜು' ಎಂಬ ಪದವೂ ದರದ ದಿನಾಂಕವೂ ಇರಬೇಕು.

ಅಂಗಡಿಯವನ ಮುಖ ಕಾಣದ ವ್ಯಾಪಾರದಲ್ಲಿ ಗಿರಾಕಿಗೆ ಕಾಣುವುದು ಆ ಅಂಕಿಯೊಂದೇ. ನಂಬಿಕೆ ನಿಲ್ಲುವುದೂ ಅದರ ಮೇಲೆಯೇ. ಮುಂದೆ ಇಂಥ ತಂತ್ರಾಂಶ ಬರೆಯುವವರು ನೀವು. ಆ ಒಂದು ಪೈಸೆಯನ್ನು ಮರೆಯಬೇಡಿ.