ತೆಂಕಣ ಕೈ: ಒಂದು ಪದದ ಹುಟ್ಟಿನ ವಿಚಾರ



ಬೇಸ್‌ಬಾಲ್ ಆಟದಲ್ಲಿ ಎಡಗೈಯಿಂದ ಚೆಂಡೆಸೆಯುವವನನ್ನು ‘ಸೌತ್‌ಪಾ’ ಎನ್ನುತ್ತಾರೆ. ‘ಸೌತ್’ ಎಂದರೆ ದಕ್ಷಿಣ. ‘ಪಾ’ ಎಂದರೆ ಪ್ರಾಣಿಯ ಪಂಜ, ತಮಾಷೆಯ ಆಡುಮಾತಿನಲ್ಲಿ ಮನುಷ್ಯನ ಕೈ. ಪ್ರಸಿದ್ಧ ಆಟಗಾರ ಬೇಬ್ ರೂತ್ ಅಂಥವರಲ್ಲೊಬ್ಬರು. ಅವರು ಬರೆಯುತ್ತಿದ್ದುದು ಮಾತ್ರ ಬಲಗೈಯಲ್ಲಿ. (ಎಡಗೈಯ ಮಗುವಿನಿಂದ ಬಳಪ ಕಿತ್ತು ಬಲಗೈಗೆ ಕೊಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ, ಅದು ಬೇರೊಂದು ದಿನದ ಮಾತು.)

ಎಡಗೈಗೆ ತೆಂಕಣ ದಿಕ್ಕಿನ ಹೆಸರೇಕೆ? ಅಮೆರಿಕದಲ್ಲಿ ಪ್ರಚಲಿತವಾಗಿರುವ ವಿವರಣೆ ಹೀಗಿದೆ. ಇಳಿಹೊತ್ತಿನ ಬಿಸಿಲು ಬ್ಯಾಟುಗಾರನ ಕಣ್ಣಿಗೆ ಹೊಡೆಯದಿರಲೆಂದು, ಅವನು ಪೂರ್ವಾಭಿಮುಖವಾಗಿ ನಿಲ್ಲುವಂತೆ ಮೈದಾನವನ್ನು ರಚಿಸುವ ರೂಢಿಯಿತ್ತು. ಅವನಿಗೆ ಎದುರಾಗಿ ನಿಂತ ಎಸೆತಗಾರನ ಮುಖ ಪಶ್ಚಿಮಕ್ಕೆ. ಆಗ ಎಡಗೈ ದಕ್ಷಿಣಕ್ಕೆ ಬರುತ್ತದೆ. 1880ರ ದಶಕದ ಶಿಕಾಗೊ ಪತ್ರಕರ್ತರು, ವಿಶೇಷವಾಗಿ ಫಿನ್ಲಿ ಪೀಟರ್ ಡನ್, ಈ ಪದವನ್ನು ಟಂಕಿಸಿದರೆಂದು ಹೇಳುವುದುಂಟು.

ಚಿತ್ರ ಬರೆದು ನೋಡಿದರೆ ದಿಕ್ಕಿನ ಲೆಕ್ಕ ಸರಿಹೋಗುತ್ತದೆ, ಕಾಲದ ಲೆಕ್ಕ ಸರಿಹೋಗುವುದಿಲ್ಲ. 1848ರ ಅಮೆರಿಕದ ಅಧ್ಯಕ್ಷ ಚುನಾವಣೆಯ ವ್ಯಂಗ್ಯಚಿತ್ರವೊಂದರಲ್ಲಿ, ಎದುರಾಳಿ ಕೊಟ್ಟ ಏಟನ್ನು ಕುರಿತ ಮಾತಿನಲ್ಲಿ ಇದೇ ಪದವಿದೆ. ಅಲ್ಲಿ ಚೆಂಡಿಲ್ಲ, ಮೈದಾನವಿಲ್ಲ. ಮುಷ್ಟಿಕಾಳಗದಲ್ಲಿಯೂ ಎಡಗೈ ಹೊಡೆತದವನಿಗೆ ಇಂದಿಗೂ ಅದೇ ಹೆಸರು. ಮೈದಾನದ ದಿಕ್ಕು ಪದವನ್ನು ಜನಪ್ರಿಯಗೊಳಿಸಿರಬಹುದು, ಹುಟ್ಟಿಸಿತೆನ್ನಲಾಗದು.

ಹಾಗೆಂದು ಕೈಗೂ ದಿಕ್ಕಿಗೂ ನಂಟು ಹೇಳುವ ವಿವರಣೆಗಳೆಲ್ಲ ಕಟ್ಟುಕಥೆಗಳಲ್ಲ. ಸಂಸ್ಕೃತದ ‘ದಕ್ಷಿಣ’ ಶಬ್ದಕ್ಕೆ ಬಲಗಡೆ, ತೆಂಕಣ ದಿಕ್ಕು ಎಂಬ ಎರಡು ಅರ್ಥಗಳಿವೆ. ಮೂಡಣಕ್ಕೆ ಮುಖಮಾಡಿ ನಿಂತವನ ಬಲಗೈ ತೆಂಕಿಗಿರುತ್ತದೆ. ಇದನ್ನು ನಾವು ಒಪ್ಪುವುದು ಚೆಂದವಾಗಿದೆಯೆಂದಲ್ಲ, ನೆರೆಯ ಪದಗಳು ಸಾಕ್ಷಿ ನುಡಿಯುತ್ತವೆಂದು. ‘ಪೂರ್ವ’ಕ್ಕೆ ಮುಂಗಡೆಯದೆಂಬ ಅರ್ಥವಿದೆ, ‘ಪಶ್ಚಿಮ’ಕ್ಕೆ ಹಿಂಗಡೆಯದೆಂಬ ಅರ್ಥವಿದೆ, ದೇವರನ್ನು ಬಲಕ್ಕಿರಿಸಿಕೊಂಡು ಸುತ್ತುವುದು ‘ಪ್ರದಕ್ಷಿಣೆ’. ಒಬ್ಬನೇ ಮನುಷ್ಯ ಒಂದೇ ಕಡೆ ನೋಡುತ್ತ ನಿಂತು ಇವಕ್ಕೆಲ್ಲ ಹೆಸರಿಟ್ಟಂತಿದೆ. ನಮ್ಮಲ್ಲಿ ಬಲಗೈಗೆ ಸಂದ ದಿಕ್ಕೇ ಅವರಲ್ಲಿ ಎಡಗೈಗೆ ಸಂದಿರುವುದು ಸೋಜಿಗ!

ಗಡಿನಾಡಿನ ಶಾಲೆಗಳಲ್ಲಿ ಇದು ಬರಿಯ ಕುತೂಹಲದ ವಿಷಯವಲ್ಲ. ಕನ್ನಡದ ‘ತೆಂಕು’, ಮಲಯಾಳದ ‘ತೆಕ್ಕ್’, ತಮಿಳಿನ ‘ತೆರ್ಕು’ ಇವನ್ನು ಕೇಳಿಕೊಂಡೇ ಬೆಳೆದ ಮಗು, ಯಾವುದರಿಂದ ಯಾವುದು ಬಂತೆಂದು ಕೇಳುತ್ತದೆ. ‘ನಮ್ಮದೇ ಅವರಿಗೆ ಹೋಯಿತು’ ಎಂದುಬಿಡುವುದು ಸುಲಭ. ನೆರೆಮನೆಯ ಮಗುವಿಗೆ ಅದರ ಶಾಲೆಯಲ್ಲಿ ಇದರ ವಿರುದ್ಧದ ಮಾತನ್ನೇ ಹೇಳಿಕೊಟ್ಟಿದ್ದರೆ, ಇಬ್ಬರಿಗೂ ಜಗಳವಷ್ಟೇ ಉಳಿಯುತ್ತದೆ. ಅವು ಒಂದೇ ದ್ರಾವಿಡ ಮೂಲದಿಂದ ಬಂದ ಸೋದರ ಪದಗಳು. ಒಂದು ಇನ್ನೊಂದರ ಸಾಲವಲ್ಲ. ಪದವೊಂದರ ಹುಟ್ಟಿನ ಕಥೆ ಕೇಳಿದಾಗ, ಅದಕ್ಕಿಂತ ಹಿಂದಿನ ಬಳಕೆಯುಂಟೇ, ಬಂಧುಪದಗಳು ಏನನ್ನುತ್ತವೆ ಎಂದು ವಿಚಾರಿಸುವ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ.

ಇದನ್ನು ಅಂಗಳದಲ್ಲಿಯೇ ಆಡಿಸಬಹುದು. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಮಕ್ಕಳನ್ನು ಸೂರ್ಯನ ಕಡೆಗೆ ನಿಲ್ಲಿಸಿ ಬಲಗೈ ಚಾಚಲು ಹೇಳಿ: ಅದು ದಕ್ಷಿಣ. ಬೆನ್ನು ತಿರುಗಿಸಿ ನಿಂತು ಎಡಗೈ ಚಾಚಲಿ: ಇದೂ ದಕ್ಷಿಣ. ಎಸೆತಗಾರನ ಕಥೆಯನ್ನು ಆಗ ಹೇಳಿ, ಅವರು ನಂಬಲಿ. ತರಗತಿಗೆ ಬಂದ ಮೇಲೆ ಹಲಗೆಯಲ್ಲಿ 1880 ಎಂದು ಬರೆದು, ವ್ಯಂಗ್ಯಚಿತ್ರದ ಸಂಗತಿ ತಿಳಿಸಿ ಕೆಳಗೆ 1848 ಎಂದು ಬರೆಯಿರಿ. ಮೊದಲನೆಯ ಕೈ ಮೇಲೇಳುವವರೆಗೆ ಏನೂ ಹೇಳದೆ ಕಾಯಿರಿ.